ಮೂರು ಕಡೆಯ ಲೆಕ್ಕ, ಒಂದು ಮೆಸೇಜು

ನಮ್ಮ ಗೂಳೂರು ಸೀಮೆಯಲ್ಲಿ ಬೆಳಿಗ್ಗೆ ಎದ್ದವರಿಗೆ ಮೂರು ಸಂಗತಿ ಬೇಕು. ತಿಪಟೂರಿನಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಯಿತು, ನಿನ್ನೆ ಮಳೆ ಎಷ್ಟು ಬಿತ್ತು, ಕೆರೆಯಲ್ಲಿ ನೀರು ಎಲ್ಲಿಗೆ ಬಂದಿದೆ. ಮೂರೂ ಮೂರು ಕಡೆ ಸಿಗುತ್ತವೆ. ಅವನ್ನು ಒಂದೇ ಮೆಸೇಜು ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕೋಣ ಅಂತ ನಾವು ನಾಲ್ವರು ಹೊರಟೆವು. ನಾವೆಲ್ಲ ಓದಿದ್ದು ಪತ್ರಿಕೋದ್ಯಮ. ಪೈಥಾನ್ ಬರುವುದು ನಮ್ಮಲ್ಲಿ ಒಬ್ಬಳಿಗೇ, ಅದೂ ಯೂಟ್ಯೂಬ್ ನೋಡಿ ಕಲಿತದ್ದು.

ಕೇಳಲು ಸುಲಭದ ಕೆಲಸ. ಆದರೆ ಈ ಮೂರು ಕಡೆಯ ಅಂಕಿಗಳಿಗೂ ಒಂದಕ್ಕೊಂದು ಹೊಂದಿಕೆಯೇ ಇಲ್ಲ. ಕೊಬ್ಬರಿಯದು ಕ್ವಿಂಟಲ್ ಲೆಕ್ಕ. ಹರಾಜು ದಿನಾ ನಡೆಯುವುದಿಲ್ಲವಾದ್ದರಿಂದ ಇವತ್ತು ಕಾಣುವ ರೇಟು ಮೂರು ದಿನ ಹಿಂದಿನದಿರಬಹುದು. ಮಳೆ ಲೆಕ್ಕ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು, ಮಿಲಿಮೀಟರಿನಲ್ಲಿ. ಅವರ ದಿನ ಶುರುವಾಗುವುದು ನಡುರಾತ್ರಿಗಲ್ಲ, ಬೆಳಿಗ್ಗೆ 8.30ಕ್ಕೆ. ಇನ್ನು ಕೆರೆ ನೀರನ್ನು ಹೇಳುವವರು ನೀರುಗಂಟಿ. "ಕೋಡಿಗೆ ಇನ್ನೆರಡು ಅಡಿ ಐತೆ ಕಣ್ರಪ್ಪ" ಅನ್ನುತ್ತಾರೆ, ಅಷ್ಟೇ. ಊರ ಹೆಸರಿನದೂ ಇದೇ ಪಾಡು. ಇಂಗ್ಲಿಷಿನಲ್ಲಿ 'ಗೂ' ಬರೆಯಲು ಒಬ್ಬರು ಒಂದು ಯು ಹಾಕುತ್ತಾರೆ, ಇನ್ನೊಬ್ಬರು ಎರಡು ಓ. ಕೆಲವರು ಕೊನೆಯ ಯು ಬಿಟ್ಟೇಬಿಡುತ್ತಾರೆ. ನಮಗೆ ಒಂದೇ ಊರು, ಕಂಪ್ಯೂಟರಿಗೆ ಮೂರು.

ಇಂಥ ಕಡೆ ಪ್ರೋಗ್ರಾಂ ಬರೆಯುವವರು ಮೊದಲು ಮಾಡುವುದು, ಎಲ್ಲವನ್ನೂ ಒಂದೇ ಫೈಲಿಗೆ ತುರುಕುವುದು. ಕೊಬ್ಬರಿಯಾದರೆ ಹೀಗೆ ಓದು, ಮಳೆಯಾದರೆ ಹಾಗೆ ಓದು, ದಿನಾಂಕ ಉಲ್ಟಾ ಇದ್ದರೆ ತಿರುಗಿಸು. ಅದೂ ನಡೆಯುತ್ತದೆ, ಆದರೆ ಒಂದು ವೆಬ್‌ಸೈಟಿನವರು ಪುಟ ಬದಲಿಸಿದ ದಿನ ಎಲ್ಲವೂ ಒಟ್ಟಿಗೆ ನಿಂತುಹೋಗುತ್ತದೆ. ಈ ತೊಂದರೆ ಹಳೆಯದು. ಪದೇ ಪದೇ ಬರುವ ಇಂಥ ಸಮಸ್ಯೆಗಳಿಗೆ ಪಳಗಿದ ದಾರಿಗಳನ್ನು ನಾಲ್ಕು ಜನ ಲೇಖಕರು 1994ರಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟರು. ಅದರಲ್ಲಿರುವುದು 23 ದಾರಿ. ಇವುಗಳಿಗೆ ಡಿಸೈನ್ ಪ್ಯಾಟರ್ನ್ ಎನ್ನುತ್ತಾರೆ. ನಾವು ಆರಿಸಿಕೊಂಡದ್ದು ಅಡಾಪ್ಟರ್.

ಹೆಸರು ಕೇಳಿದರೆ ನಿಮಗೇ ಗೊತ್ತಾಗುತ್ತದೆ. ಮೂರು ಪಿನ್ನಿನ ಪ್ಲಗ್ಗು ಎರಡು ತೂತಿನ ಸಾಕೆಟ್ಟಿಗೆ ಹೋಗದಿದ್ದಾಗ ನಡುವೆ ಒಂದು ಸಿಕ್ಕಿಸುತ್ತೇವಲ್ಲ, ಅದೇ. ಒಂದೊಂದು ಮೂಲಕ್ಕೂ ಒಂದೊಂದು ಚಿಕ್ಕ ಪ್ರೋಗ್ರಾಂ. ಅದು ಆ ಮೂಲದ ಅವತಾರಗಳನ್ನೆಲ್ಲ ತಾನೇ ನುಂಗಿಕೊಂಡು ಈಚೆಗೆ ನಾಲ್ಕೇ ಮಾತು ಕೊಡಬೇಕು. ಏನು, ಎಷ್ಟು, ಯಾವ ದಿನದ್ದು, ಯಾರು ಹೇಳಿದ್ದು. ಮೆಸೇಜು ಕಟ್ಟುವ ಭಾಗಕ್ಕೆ ತಿಪಟೂರೂ ಗೊತ್ತಿಲ್ಲ, ಮಿಲಿಮೀಟರೂ ಗೊತ್ತಿಲ್ಲ, ಈ ನಾಲ್ಕು ಮಾತಷ್ಟೇ ಗೊತ್ತು. ಒಂದು ವೆಬ್‌ಸೈಟು ಬದಲಾದರೆ ಅದರ ಅಡಾಪ್ಟರ್ ಒಂದನ್ನೇ ರಿಪೇರಿ ಮಾಡಿದರಾಯಿತು, ಉಳಿದವು ಓಡುತ್ತಿರುತ್ತವೆ. ನೀರುಗಂಟಿಯವರ ಅಡಾಪ್ಟರ್ ಮಾತ್ರ ಪ್ರೋಗ್ರಾಂ ಅಲ್ಲ. ನಮ್ಮಲ್ಲೊಬ್ಬ ಅವರಿಗೆ ಫೋನ್ ಮಾಡಿ, ಕೇಳಿ, ಟೈಪು ಮಾಡುತ್ತಾನೆ.

ಕೊನೆಯ ಎರಡು ಮಾತಿನ ಮೇಲೆ ನಮ್ಮೊಳಗೆ ಜಗಳವಾಯಿತು. ಮೆಸೇಜು ಚಿಕ್ಕದಿರಲಿ, ರೇಟು ಒಂದಿದ್ದರೆ ಸಾಕು ಅಂತ ಇಬ್ಬರು. ಆದರೆ ಒಂದೇ ಮಾರುಕಟ್ಟೆಯ ಧಾರಣೆ ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲೂ ಸಿಗುತ್ತದೆ, ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲೂ ಸಿಗುತ್ತದೆ. ಎರಡೂ ಕಡೆ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಬೆಲೆ. ಗರಿಷ್ಠವೊಂದನ್ನೇ ಕಳಿಸಿದರೆ ಓದಿದವರು ಅದನ್ನೇ ನಂಬಿ ಕೊಬ್ಬರಿ ಹೊರಡಿಸುತ್ತಾರೆ, ಆದರೆ ಹೆಚ್ಚಿನ ಮಾಲು ಹೋಗಿರುವುದು ಮಾದರಿ ಬೆಲೆಯ ಆಸುಪಾಸಿನಲ್ಲಿ. ಬಾಡಿಗೆ ಆಟೋ ಖರ್ಚು ನಾವು ಕೊಡುವುದಿಲ್ಲ. ಕೊನೆಗೆ ಮಾದರಿ ಬೆಲೆ, ದಿನಾಂಕ, ಮೂಲದ ಹೆಸರು, ಮೂರನ್ನೂ ಹಾಕುವುದೆಂದಾಯಿತು. ಎರಡು ಮೂಲ ಬೇರೆ ಬೇರೆ ಹೇಳಿದ ದಿನ ಎರಡನ್ನೂ ಹಾಕುತ್ತೇವೆ, ನಡುವಿನ ಸರಾಸರಿ ತೆಗೆಯುವುದಿಲ್ಲ. ಯಾರೂ ಹೇಳದ ರೇಟನ್ನು ನಾವ್ಯಾಕೆ ಹುಟ್ಟಿಸಬೇಕು?

ಇದು ನಮ್ಮ ಚಿಕ್ಕ ಮೆಸೇಜಿನ ಮಾತಷ್ಟೇ ಅಲ್ಲ. ನಮ್ಮ ರಾಜ್ಯದ ಫ್ರೂಟ್ಸ್ ವ್ಯವಸ್ಥೆಯಲ್ಲಿ ರೈತರಿಗೆ ಎಫ್ಐಡಿ ಅಂತ ಒಂದು ನಂಬರ್ ಇದೆಯಲ್ಲ, ಅದರ ಹಿಂದೆಯೂ ಇದೇ ಕೆಲಸವಿದೆ. ಜಮೀನಿನ ವಿವರ ಭೂಮಿಯಿಂದ, ಗುರುತು ಆಧಾರ್‌ನಿಂದ, ಜೊತೆಗೆ ಬ್ಯಾಂಕ್ ಖಾತೆ. 2023ರಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದ ಮೇಲೆ, ಗರಿಷ್ಠ 2,000 ರೂಪಾಯಿಯ ಮೊದಲ ಕಂತು ಹಾಕಿದ್ದೂ ಈ ನೋಂದಣಿ ನೋಡಿಯೇ. ಹಿಂದೆ ಒಂದೊಂದು ಯೋಜನೆಗೂ ಪಹಣಿ ಜೆರಾಕ್ಸ್ ಹಿಡಿದು ಓಡಾಡಿದವರಿಗೆ ಇದರ ಬೆಲೆ ಗೊತ್ತು. ಆದರೆ ಮೂಲಗಳು ಕೂಡಿದಲ್ಲಿ ತಕರಾರೂ ಕೂಡಿಕೊಳ್ಳುತ್ತದೆ. ಪಹಣಿಯಲ್ಲಿ 'ಕೋಂ' ಅಂತ ಗಂಡನ ಹೆಸರು ಸೇರಿರುತ್ತದೆ, ಆಧಾರ್‌ನಲ್ಲಿ ಬರೀ ಇನಿಷಿಯಲ್. ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಪೌತಿ ಖಾತೆ ಆಗಿರುವುದಿಲ್ಲ.

ನಮ್ಮಲ್ಲೊಬ್ಬಳ ದೊಡ್ಡಮ್ಮ ಯಾವುದೋ ಯೋಜನೆಗೆ ಅರ್ಜಿ ಹಾಕಿದ್ದರು. ಕೌಂಟರಿನಲ್ಲಿ ಬಂದ ಉತ್ತರ 'ಹೊಂದಾಣಿಕೆ ಆಗುತ್ತಿಲ್ಲ' ಎಂಬ ಎರಡೇ ಮಾತು. ಯಾವುದು ಯಾವುದಕ್ಕೆ ಹೊಂದುತ್ತಿಲ್ಲ ಅಂತ ಪರದೆಯಲ್ಲಿ ಇರಲಿಲ್ಲ, ಕೂತವರಿಗೂ ಕಾಣುತ್ತಿರಲಿಲ್ಲ. ದೊಡ್ಡಮ್ಮ ಬ್ಯಾಂಕಿಗೆ ಹೋದರು, ನಾಡಕಚೇರಿಗೆ ಹೋದರು, ಆಧಾರ್ ಮಾಡುವಲ್ಲಿಗೆ ಹೋದರು. ಮೂರು ದಿನದ ಕೂಲಿ ಹೋಯಿತು. ಕೊನೆಗೆ ಇದ್ದ ತೊಂದರೆ ಇಷ್ಟೇ, ಒಂದು ಕಡೆ ಹೆಸರಿನ ಕೊನೆಯ 'ಮ್ಮ' ಬಿಟ್ಟುಹೋಗಿತ್ತು. ಅಂಕಿಯ ಜೊತೆ ಅದರ ಮೂಲದ ಹೆಸರೂ ಪರದೆಯವರೆಗೆ ಬಂದಿದ್ದರೆ ಮೊದಲ ದಿನವೇ ಸರಿಯಾದ ಕಚೇರಿಗೆ ಹೋಗಬಹುದಿತ್ತು. "ಯಾರು ಹೇಳಿದ್ದು" ಇರಲೇಬೇಕು ಅಂತ ಹಟ ಹಿಡಿದವಳು ಇವರ ಮಗಳೇ.

ಮುಂದೆ ಅಡಿಕೆ ಸೇರಿಸಬೇಕೆಂದಿದ್ದೇವೆ. ಒಂದು ಅಡಾಪ್ಟರ್ ಬರೆದರೆ ಆಯಿತು, ಹಳೆಯದನ್ನು ಮುಟ್ಟಬೇಕಿಲ್ಲ. ಆದರೆ ಯಾವ ಮಾರುಕಟ್ಟೆಯದು ಹಾಕಬೇಕು, ತುಮಕೂರಿನದೋ ಬೇರೆ ಕಡೆಯದೋ? ರಾಶಿ ಒಂದೇ ಸಾಕೋ, ಬೇರೆ ನಮೂನೆಯದೂ ಬೇಕೋ? ನಿಜವಾಗಿ ಮಾಲು ಹಾಕುವವರು ಹೇಳಿ. ಕೇಳಿಕೊಂಡೇ ಬರೆಯುತ್ತೇವೆ.