ಆಪಾ ತಂದ ಪುಸ್ತಕ

ಮದುವೆಯಾಗಿ ಶಾರ್ಜಾದಲ್ಲಿರುವ ನಮ್ಮ ಆಪಾ ಒಂದು ದಿನ ಫೋನಿನಲ್ಲಿ, "ಲೆಕ್ಕಶಾಸ್ತ್ರವನ್ನು ಕಥೆಯ ಹಾಗೆ ಹೇಳುವ ಇಂಗ್ಲಿಷ್ ಇ-ಪುಸ್ತಕ ಓದುತ್ತಿದ್ದೇನೆ, ನೀನೂ ಕೊಂಡು ಓದು" ಎಂದಳು. ಈದಿಯ ಹಣ ಕೂಡಿಟ್ಟಿದ್ದೆ. ಮೊಬೈಲಿನಲ್ಲಿ ಹುಡುಕಿದರೆ ಮುಖಪುಟ ಬಂತು, ಕೆಳಗೆ 'ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಎಂದಿತ್ತು. ಕೈಯಲ್ಲಿ ದುಡ್ಡಿದೆ, ಅಂಗಡಿಯಲ್ಲಿ ಮಾಲಿದೆ, ಆದರೂ ಮಾರುವುದಿಲ್ಲ! ವಾಣಿಜ್ಯ ಓದುವ ನನಗೆ ಇದು ಅರ್ಥವಾಗಲಿಲ್ಲ.

ಕಾಲೇಜಿನಲ್ಲಿ ಸರ್ ಅವರನ್ನು ಕೇಳಿದೆ. ಅವರು ವಿದೇಶಿ ಲೇಖಕರ ಪಠ್ಯಪುಸ್ತಕವೊಂದನ್ನು ತೋರಿಸಿದರು. ಅದರ ಹಿಂಬದಿಯಲ್ಲಿ, ಭಾರತ ಮತ್ತು ನೆರೆಯ ದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಎಂದು ಇಂಗ್ಲಿಷಿನಲ್ಲಿತ್ತು. ಪ್ರಕಟಣೆಯ ಹಕ್ಕನ್ನು ಪ್ರದೇಶಕ್ಕೊಂದರಂತೆ ಬೇರೆ ಬೇರೆಯಾಗಿ ಕೊಡುವುದುಂಟು. ನಮ್ಮ ದೇಶದ ಹಕ್ಕು ಪಡೆಯದ ಪ್ರಕಾಶಕರು ಇ-ಪುಸ್ತಕವನ್ನು ಇಲ್ಲಿ ಮಾರುವಂತಿಲ್ಲ. ಅಮೆರಿಕದಲ್ಲಿ ದುಬಾರಿಯಾದ ಪಠ್ಯಪುಸ್ತಕ ನಮಗೆ ಅಗ್ಗದ ಆವೃತ್ತಿಯಲ್ಲಿ ಸಿಗುವುದೂ ಇಂಥದೇ ಬೇಲಿಯಿಂದ. ನನ್ನನ್ನು ತಡೆದ ಬೇಲಿಯೇ ನನಗೆ ಉಪಕಾರವನ್ನೂ ಮಾಡಿತ್ತು!

ಈ ಬೇಲಿ ದಾಟಿದ ವಿದ್ಯಾರ್ಥಿಯೊಬ್ಬನಿದ್ದಾನೆ. ಥಾಯ್ಲೆಂಡಿನ ಸುಪಾಪ್ ಕಿರ್ತ್‌ಸೇಂಗ್ ಅಮೆರಿಕದಲ್ಲಿ ಓದುವಾಗ, ತನ್ನ ದೇಶದಿಂದ ಅಗ್ಗದ ಪಠ್ಯಪುಸ್ತಕ ತರಿಸಿ ಮಾರಿದ. ಜಾನ್ ವೈಲಿ ಪ್ರಕಾಶನ ದಾವೆ ಹೂಡಿತು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಅವನ ಪರ ತೀರ್ಪು ಕೊಟ್ಟಿತು. ಕಾನೂನುಬದ್ಧವಾಗಿ ಕೊಂಡ ಪ್ರತಿಯನ್ನು ಕೊಂಡವರು ಮಾರಬಹುದು. ಇ-ಪುಸ್ತಕದಲ್ಲಿ ಮಾತ್ರ ಸಾಮಾನ್ಯವಾಗಿ ನಮಗೆ ಸಿಗುವುದು ಓದುವ ಪರವಾನಗಿ, ಪ್ರತಿಯ ಒಡೆತನವಲ್ಲ.

ಅಷ್ಟರಲ್ಲಿ ಗೆಳೆಯನೊಬ್ಬ ಎಲ್ಲಿಂದಲೋ ಅದೇ ಪುಸ್ತಕದ ಪಿಡಿಎಫ್ ಕಳಿಸಿದ. ಒಂದೇ ರಾತ್ರಿ ಇಪ್ಪತ್ತು ಪುಟ ಓದಿದೆ. ಕಿರಾಣಿ ಅಂಗಡಿಯ ಲೆಕ್ಕ ಬರೆಯುತ್ತಿದ್ದ ಅಬ್ಬಾ ಕೇಳಿದರು, ಹೇಳಿದೆ. "ನಮ್ಮ ಗಿರಾಕಿಗಳು ಉದ್ರಿಯಾದರೂ ಬರೆಸಿ ಒಯ್ಯುತ್ತಾರೆ. ನೀನು ಬರೆಸದೇ ಒಯ್ದೆ" ಎಂದರು.

"ದುಡ್ಡು ಕೊಡುತ್ತೇನೆಂದರೂ ಅಂಗಡಿಯವರೇ ಒಲ್ಲೆ ಎಂದರೆ, ಅಬ್ಬಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದು ಅವರ ತಪ್ಪಿರಬಹುದು. ಅದರಿಂದ ನಿನ್ನದು ಸರಿಯಾಗುವುದಿಲ್ಲ" ಎಂದರು. ಪಿಡಿಎಫ್ ಅಳಿಸಿದೆ. ಆದರೆ ನನ್ನ ಪ್ರಶ್ನೆ ಅಳಿಯಲಿಲ್ಲ. ಕೊಳ್ಳಲು ಬಂದವರಿಗೆ ಬಾಗಿಲು ಮುಚ್ಚಿದರೆ ಕಳ್ಳದಾರಿಗೇ ಅಲ್ಲವೇ ಲಾಭ?

ಬಕ್ರೀದ್‌ಗೆ ಮುರಗೋಡಕ್ಕೆ ಬಂದ ಆಪಾ, ಬಟ್ಟೆಗಳ ನಡುವೆ ಅದೇ ಪುಸ್ತಕದ ಮುದ್ರಿತ ಪ್ರತಿ ಇಟ್ಟು ತಂದಿದ್ದಳು. ಯಾವ ಬೇಲಿಯೂ ಅದನ್ನು ತಡೆಯಲಿಲ್ಲ. ನಾನು ಓದಿ ಮುಗಿಸಿದ ಮೇಲೆ ಅದು ತರಗತಿಯ ಇಬ್ಬರ ಕೈ ದಾಟಿ ಈಗ ಮೂರನೆಯವರ ಬಳಿ ಇದೆ. ಆಪಾ ಕೊಂಡ ಇ-ಪುಸ್ತಕ ಇಂದಿಗೂ ಅವಳ ಫೋನಿನಲ್ಲೇ ಇದೆ.

ಓದಬೇಕೆನ್ನುವವರು ನನಗೆ ಹೆಸರು ಕೊಡಿ. ಸರದಿ ಹಚ್ಚಿದ್ದೇನೆ.