ಗಬ್ಬರ್ ಬೂಟಿನ ಕೆಳಗೆ

ರಾಮನಗರದ ಕಡೆಯವನು ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ಕೇಳೋದು ‘ಶೋಲೆ’. 1975ರ ಆ ಸಿನಿಮಾ ತೆಗೆದದ್ದು ರಾಮದೇವರ ಬೆಟ್ಟದ ಸುತ್ತ. ಅಂಥವೇ ಬಂಡೆಗಳು ಕೂಟಗಲ್‌ನಲ್ಲಿ ನಮ್ಮ ಸ್ಕೂಲಿನ ಕಿಟಕಿಯಿಂದಲೂ ಕಾಣ್ತಿದ್ದವು. ಒಳಗೆ ನಾವು ‘ಅಗ್ನಿಶಿಲೆಗೆ ಉದಾಹರಣೆ ಗ್ರಾನೈಟ್’ ಅಂತ ಉರು ಹೊಡೀತಿದ್ವಿ. ಅದು ಇದೇ ಕಣ್ರೋ ಅಂತ ಯಾರೂ ಕಿಟಕಿಯತ್ತ ಕೈ ತೋರಿಸಲಿಲ್ಲ. ಭೂವಿಜ್ಞಾನಿಗಳು ಈ ಕಲ್ಲನ್ನು ಕರೆಯೋದೇ ಕ್ಲೋಸ್‌ಪೇಟ್ ಗ್ರಾನೈಟ್ ಅಂತ. ಕ್ಲೋಸ್‌ಪೇಟೆ ರಾಮನಗರದ ಹಳೇ ಹೆಸರು. ಇದು ನನಗೆ ತಿಳಿದಿದ್ದು ಬಿಇ ಮುಗಿಸಿ ಬೆಂಗಳೂರು ಸೇರಿದ ಮೇಲೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಅಕ್ಕನ ಮಗನಿಗೆ ಮೊಬೈಲಿನಲ್ಲಿ ಗಬ್ಬರ್ ಬಂಡೆ ಮೇಲೆ ಓಡಾಡೋ ದೃಶ್ಯ ಹಾಕಿ, ‘ಅವನ ಬೂಟಿನ ಕೆಳಗೆ ನೋಡು’ ಅಂದೆ. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿದ್ದ ಶಿಲಾಪಾಕ ಅದು. ನಿಧಾನಕ್ಕೆ ಆರಿದ್ದರಿಂದ ಹರಳುಗಳು ದಪ್ಪ. ಮೇಲಿದ್ದದ್ದೆಲ್ಲ ಸವೆದು ಬಂಡೆ ಹೊರಗೆ ಬಂತು. ಬಿರುಕುಗಳಲ್ಲಿ ಮಳೆನೀರು ಇಳಿದು, ಮೂಲೆಗಳು ಉದುರಿ, ಗುಂಡಗಾಯ್ತು.

ಹುಡುಗ ಆಕಳಿಸಿದ. ಗಬ್ಬರ್ ಯಾರು ಅಂತಲೇ ಅವನಿಗೆ ಗೊತ್ತಿಲ್ಲ! ‘ಕೆಜಿಎಫ್ ಹಾಕು ಮಾವ.’

ಹಾಕಿದೆ. ನಮ್ಮ ಕಾಲದ ಹೀರೋನೇ ಬೇಕು ಅಂತ ಹಟ ಹಿಡಿದ್ರೆ ಪಾಠ ಅಲ್ಲೇ ಮುಗೀತು. ಕೋಲಾರದಲ್ಲಿ ಚಿನ್ನ ಸಿಕ್ಕಿದ್ದು ಬೇರೆ ಜಾತಿಯ ಕಪ್ಪು ಕಲ್ಲಿನ ಪಟ್ಟಿಯಲ್ಲಿ, ಅದರೊಳಗಿನ ಬಿಳಿ ಬೆಣಚುಕಲ್ಲಿನ ಎಳೆಗಳಲ್ಲಿ ಅಂತ ಹೇಳ್ತಿದ್ದ ಹಾಗೇ ಎದ್ದು ಕೂತ.

‘ನಮ್ಮ ಬಂಡೇಲೂ ಬಿಳೀದು ಐತಲ್ಲ ಮಾವ?’

ನಾನು ಬಾಯಿ ತೆರೆಯೋಷ್ಟರಲ್ಲಿ ಸುತ್ತಿಗೆ ಹಿಡ್ಕೊಂಡು ಹಿತ್ತಲಿಗೆ ಓಡಿದ್ದ.