ವೆನಿಸ್ ನಗರದಲ್ಲಿ ಮೊದಲ ಸಂಜೆ

ಕಾಲುವೆಯೆಂದರೆ ನಮ್ಮ ನಾಡಿನ ಒಕ್ಕಲು ಮಕ್ಕಳಿಗೆ ಹೊಲಕ್ಕೆ ನೀರು ಹರಿಸುವ ದಾರಿ. ಕಾಲುವೆಯೇ ಬೀದಿಯಾಗಿ, ದೋಣಿಯೇ ಬಂಡಿಯಾಗಿ, ಸಾವಿರ ವರ್ಷಗಳಿಗೂ ಮೇಲ್ಪಟ್ಟು ಜನರು ಸಂಸಾರ ನಡೆಸಿಕೊಂಡು ಬಂದ ಊರೊಂದು ಇಟಲಿ ದೇಶದಲ್ಲಿದೆ. ಅದುವೇ ವೆನಿಸ್. 2023ರ ಅಕ್ಟೋಬರ್ ತಿಂಗಳಲ್ಲಿ ನಾವು ದಂಪತಿಗಳು ಆ ಊರನ್ನು ಕಂಡು ಬಂದೆವು. ನೋಡಿದ್ದು ಬಹಳವಿದ್ದರೂ ಮೊದಲ ಸಂಜೆಯ ಸಂಗತಿಗಳನ್ನಷ್ಟೇ ಓದುಗರ ಮುಂದಿಡುತ್ತೇವೆ. ನಮ್ಮ ಮನಸ್ಸನ್ನು ಹೆಚ್ಚು ಕಲಕಿದವು ಅವೇ.

ಸಾಂತಾ ಲೂಚಿಯಾ ರೈಲು ನಿಲ್ದಾಣದ ಮೆಟ್ಟಿಲಿಳಿದರೆ ಎದುರಿಗೆ ಬಸ್ಸಿಲ್ಲ, ಕಾರಿಲ್ಲ. ಹಸಿರು ಛಾಯೆಯ ಅಗಲವಾದ ನೀರು. ಇದೇ ಮಹಾಕಾಲುವೆ. 1846ರಲ್ಲಿ ರೈಲು ಸೇತುವೆಯಾಗುವವರೆಗೆ ಈ ಊರಿಗೆ ನೆಲದ ದಾರಿಯೇ ಇರಲಿಲ್ಲ. ನೂರಕ್ಕೂ ಹೆಚ್ಚು ಚಿಕ್ಕ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳು ಕೂಡಿಸಿವೆ. ತರಕಾರಿ ಬರುವುದು ದೋಣಿಯಲ್ಲಿ, ಕಸ ಹೋಗುವುದು ದೋಣಿಯಲ್ಲಿ, ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದೂ ದೋಣಿಯಲ್ಲಿ. ವಸತಿಗೃಹದಲ್ಲಿ ಗಂಟುಮೂಟೆಗಳನ್ನಿರಿಸಿ, ಹೊತ್ತು ಮುಳುಗುವ ಮುನ್ನ ‘ವಪೊರೆಟ್ಟೊ’ ಎಂಬ ಸಾರ್ವಜನಿಕ ದೋಣಿಯನ್ನೇರಿದೆವು.

ಮಹಾಕಾಲುವೆಯು ಸುಮಾರು ನಾಲ್ಕು ಕಿಲೋಮೀಟರ್ ಉದ್ದವಾಗಿ ಹಾವಿನಂತೆ ಬಳುಕುತ್ತ ಹರಡಿದೆ. ಎರಡೂ ದಡಗಳಲ್ಲಿ ವರ್ತಕರ ಹಳೆಯ ಅರಮನೆಗಳು. ಅವುಗಳ ಹೆಬ್ಬಾಗಿಲು ತೆರೆಯುವುದು ನೀರಿಗೆ. ಈ ಭಾರವನ್ನೆಲ್ಲ ಹೊತ್ತಿರುವುದು ಕೆಸರಿನಲ್ಲಿ ಒತ್ತೊತ್ತಾಗಿ ನೆಟ್ಟ ಮರದ ಗೂಟಗಳು ಎಂದು ಹೇಳಿದಾಗ ನಮ್ಮ ಶ್ರೀಮತಿಯವರಿಗೆ ನಂಬಿಕೆಯಾಗಲಿಲ್ಲ. “ಮರದ ಮೇಲೆ ಕಲ್ಲಿನ ಮನೆ ನಿಲ್ಲಿಸಿದರೆ ಕೊಳೆತು ಹೋಗುವುದಿಲ್ಲವೇನ್ರೀ?” ಎಂದು ಕೇಳಿದರು. ಪ್ರಶ್ನೆ ಯೋಗ್ಯವಾದದ್ದೇ. ಗಾಳಿ ಸೋಕದ ಕೆಸರಿನೊಳಗೆ ಮರ ಬೇಗ ಕೊಳೆಯುವುದಿಲ್ಲ. ನೀರು ಗಾಳಿ ಎರಡೂ ತಾಗುವೆಡೆ ಮಾತ್ರ ಅದಕ್ಕೆ ಕೇಡು. ಆದ್ದರಿಂದ ಗೂಟಗಳನ್ನು ಆಳದಲ್ಲಿ ಮುಳುಗಿಸಿ, ಅವುಗಳ ಮೇಲೆ ನೀರು ಸುಲಭವಾಗಿ ಹೀರದ ಇಸ್ತ್ರಿಯಾ ಪ್ರಾಂತದ ಕಲ್ಲನ್ನು ಹಾಸಿ ಗೋಡೆಯೆಬ್ಬಿಸಿದರು. ಹೂಳು ತುಂಬಿ ಊರು ಹಾಳಾಗದಿರಲೆಂದು ಬ್ರೆಂಟಾ ಮೊದಲಾದ ನದಿಗಳ ಪಾತ್ರವನ್ನೇ ತಿರುಗಿಸಿದ ಜನರಿವರು.

ರಿಯಾಲ್ಟೊ ಸೇತುವೆಯ ಬಳಿ ಇಳಿದೆವು. 1588ರಿಂದ 1591ರವರೆಗೆ ಕಟ್ಟಿದ, ಒಂದೇ ಕಮಾನಿನ ಕಲ್ಲುಸೇತುವೆಯಿದು. ಮೇಲೆ ಎರಡು ಸಾಲು ಅಂಗಡಿಗಳು, ಕಾಲಿಡಲು ತೆರಪಿಲ್ಲದಷ್ಟು ಜನ. ಸಮೀಪದ ಸ್ಯಾನ್ ಬಾರ್ತೊಲೊಮಿಯೊ ಚೌಕದ ಔಷಧಿ ಅಂಗಡಿಯೊಂದರ ಕಿಟಕಿಯಲ್ಲಿ ದೀಪದ ಅಂಕಿಗಳು ಹೊಳೆಯುತ್ತಿದ್ದವು. ಅದು ಬೆಲೆಯ ಫಲಕವಲ್ಲ, ಗಡಿಯಾರವೂ ಅಲ್ಲ. ಹಳೆಯ ವೆನಿಸ್ಸಿನಲ್ಲಿ ಇನ್ನೂ ವಾಸವಾಗಿರುವವರ ಸಂಖ್ಯೆ. ಊರು ಬರಿದಾಗುತ್ತಿದೆಯೆಂದು ಎಚ್ಚರಿಸಲು ನಾಗರಿಕರು 2008ರಲ್ಲಿ ಇಟ್ಟ ಫಲಕವದು. 1951ರಲ್ಲಿ ಸುಮಾರು 1,75,000 ಜನರಿದ್ದ ಈ ಊರು 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು.

ಕಾರಣಗಳು ಹಲವು. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್ ಮಟ್ಟಕ್ಕೇರಿದಾಗ ನೆಲದಂತಸ್ತಿನ ಮನೆಗಳು ಮುಳುಗಿ ಅನೇಕರು ಊರು ತೊರೆದರು. ಕೆಲಸವನ್ನೂ ಅಗ್ಗದ ಮನೆಯನ್ನೂ ಅರಸಿ ಇನ್ನೆಷ್ಟೋ ಮಂದಿ ಎದುರುದಡದ ಮೆಸ್ತ್ರೆಗೆ ಹೋದರು. ಉಳಿದ ಮನೆಗಳು ಒಂದೊಂದಾಗಿ ಪ್ರವಾಸಿಗರ ಬಾಡಿಗೆ ಕೋಣೆಗಳಾದವು. ನಾವು ಇಳಿದುಕೊಂಡದ್ದೂ ಅಂತಹುದೇ ಮನೆ. ಅಡುಗೆಯ ಒಲೆಯಿದ್ದ ಗೂಡಿನಲ್ಲಿ ಈಗ ನಕಾಶೆಗಳನ್ನೂ ಬೀಗದ ಕೈಗಳನ್ನೂ ಇರಿಸಿದ್ದರು.

ಹಗಲು ಯಾತ್ರಿಕರು ರೈಲಿಗೆ ಮರಳುವ ಹೊತ್ತಾಯಿತು. ಓಣಿಗಳು ಬರಿದಾದವು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದಾದ ಹಾದಿಗಳಲ್ಲಿ ನಡೆಯುತ್ತ ಶ್ರೀಮತಿಯವರು ಕಿಟಕಿಗಳನ್ನು ಎಣಿಸತೊಡಗಿದರು. “ನೋಡ್ರೀ, ಹನ್ನೊಂದು ಕಿಟಕಿಗಳಿಗೆ ಎರಡರಲ್ಲಿ ಮಾತ್ರ ದೀಪವಿದೆ. ದೀಪ ಹಚ್ಚುವ ಹೊತ್ತಿನಲ್ಲಿ ಹೀಗಿದ್ದರೆ ಹೇಗೆ?” ಎಂದರು. ಔಷಧಿ ಅಂಗಡಿಯ ಅಂಕಿಯನ್ನು ಓದಿದಾಗ ತಿಳಿದದ್ದು, ಈ ಮಾತಿನಿಂದ ಕಣ್ಣಿಗೆ ಕಂಡಿತು.

ಮುಂದೆ ಸಿಕ್ಕ ಸಣ್ಣ ಚೌಕವೊಂದರಲ್ಲಿ ಮಾತ್ರ ಜೀವವಿತ್ತು. ಹೊಸಿಲ ಬಳಿ ಕುರ್ಚಿ ಹಾಕಿ ಕುಳಿತ ಅಜ್ಜಿ, ಚೆಂಡಾಡುವ ಮೂವರು ಮಕ್ಕಳು, ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ. ಸುತ್ತಲೂ ಉಪ್ಪುನೀರಿರುವ ಊರಿಗೆ ಬಾವಿ ಎಲ್ಲಿಂದ ಬಂತು? ಅದು ಊಟೆಯ ಬಾವಿಯಲ್ಲ. ಚೌಕದ ಕೆಳಗೆ ದೊಡ್ಡ ಗುಂಡಿ ತೋಡಿ, ಉಪ್ಪುನೀರು ಒಳಸೇರದಂತೆ ಜೇಡಿಮಣ್ಣು ಮೆತ್ತಿ, ಮರಳು ತುಂಬಿ, ನಡುವೆ ಇಟ್ಟಿಗೆಯ ಬಾವಿ ಎಬ್ಬಿಸುತ್ತಿದ್ದರು. ನೆಲಹಾಸಿನ ಇಳಿಜಾರಿನಿಂದ ಕಿಂಡಿಗಳಿಗೆ ಹರಿದ ಮಳೆನೀರು ಮರಳಿನಲ್ಲಿ ಸೋಸಿ ಬಾವಿಗೆ ಸೇರುತ್ತಿತ್ತು. ಮಳೆ ತಪ್ಪಿದರೆ ಬ್ರೆಂಟಾ ನದಿಯಿಂದ ದೋಣಿಯಲ್ಲಿ ಸಿಹಿನೀರು ತರುತ್ತಿದ್ದರು. 1884ರಲ್ಲಿ ಕೊಳವೆ ನೀರು ಬರುವವರೆಗೆ ಊರಿನ ಬಾಯಾರಿಕೆಯನ್ನು ಹಿಂಗಿಸಿದವು ಈ ಬಾವಿಗಳೇ. ನೆರೆಹೊರೆಯವರೆಲ್ಲ ಒಂದೇ ಕಟ್ಟೆಗೆ ಕೊಡ ಹಿಡಿದು ಬರಬೇಕಾಗಿದ್ದುದರಿಂದ ಚೌಕವೇ ಅವರ ಕೂಡುಮನೆಯಾಗಿತ್ತು. ಈಗ ಕಟ್ಟೆಗೆ ಲೋಹದ ಮುಚ್ಚಳ ಬಿದ್ದಿದೆ. ಭಾಷೆ ಬಾರದ ಶ್ರೀಮತಿಯವರು ಅಜ್ಜಿಗೆ ಕೈಮುಗಿದರು. ಆಕೆ ಮಕ್ಕಳನ್ನು ತೋರಿಸಿ, ಮೂರು ಬೆರಳೆತ್ತಿ, ತಮ್ಮ ಎದೆ ಮುಟ್ಟಿಕೊಂಡರು. ಮೂವರೂ ಮೊಮ್ಮಕ್ಕಳೆಂದು ತಿಳಿಯಲು ನಿಘಂಟು ಬೇಕಾಗಲಿಲ್ಲ.

ಕತ್ತಲಾದ ಮೇಲೆ ಸ್ಯಾನ್ ಮಾರ್ಕೊ ಚೌಕವನ್ನು ಸೇರಿದೆವು. 1902ರ ಜುಲೈ 14ರಂದು ಕುಸಿದ ಇಲ್ಲಿನ ಗಂಟೆಗೋಪುರವನ್ನು ಹಿಂದಿದ್ದಂತೆಯೇ, ಇದ್ದಲ್ಲಿಯೇ ಮತ್ತೆ ಕಟ್ಟಿ 1912ರಲ್ಲಿ ಪೂರ್ಣಗೊಳಿಸಿದರು. ಊರಿನಲ್ಲೇ ತಗ್ಗಾದ ಈ ನೆಲಕ್ಕೆ ಕಡಲು ಉಕ್ಕಿದಾಗಲೆಲ್ಲ ನೀರು ನುಗ್ಗುತ್ತಿತ್ತು. ಅದನ್ನು ತಡೆಯಲು ಕಡಲಿನ ಮೂರು ಬಾಯಿಗಳಲ್ಲಿ 78 ಉಕ್ಕಿನ ಕದಗಳನ್ನು ನೀರಿನಡಿ ಅಳವಡಿಸಿದ್ದಾರೆ. ಒಳಗೆ ಗಾಳಿ ತುಂಬಿದಾಗ ಅವು ಮೇಲೆದ್ದು ಕಡಲನ್ನು ತಡೆಯುತ್ತವೆ. 2020ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ಉಬ್ಬರದ ನೀರನ್ನು ಹೀಗೆ ತಡೆದರು.

ಕಲ್ಲನ್ನು ಉಳಿಸುವ ವಿದ್ಯೆ ಈ ಜನರಿಗೆ ಕರಗತವಾಗಿದೆ. ಆದರೆ ಮನೆ ಉಳಿದು ಮನೆತನ ಹೋದರೆ ಉಳಿಯುವುದು ಬರಿಯ ಪ್ರದರ್ಶನ. ಹಗಲಿಗಷ್ಟೇ ಬಂದು ಹೋಗುವವರಿಂದ ಕೆಲವು ನಿಗದಿತ ದಿನಗಳಂದು ಶುಲ್ಕ ಪಡೆಯುವ ಕ್ರಮವನ್ನು ನಗರಾಡಳಿತವು 2024ರಲ್ಲಿ ಆರಂಭಿಸಿತು. ಶುಲ್ಕದಿಂದ ಸಂದಣಿ ತಗ್ಗಬಹುದು. ಕತ್ತಲಾದ ಕಿಟಕಿಯಲ್ಲಿ ದೀಪ ಹಚ್ಚಲು ಅಲ್ಲೇ ಬಾಳುವ ಕುಟುಂಬವೇ ಬೇಕು.

ನಮ್ಮ ಹಳ್ಳಿಗಳಲ್ಲಿಯೂ ಹಿರಿಯರು ಕಟ್ಟಿಸಿದ ಮನೆಗಳಿಗೆ ಬೀಗ ಬಿದ್ದಿರುವುದನ್ನು ಓದುಗರು ಬಲ್ಲರು. ಮಕ್ಕಳು ದೂರ ಹೋಗುವುದನ್ನು ತಡೆಯಲಾಗದು, ತಡೆಯಲೂಬಾರದು. ಆದರೂ ವರ್ಷಕ್ಕೆ ನಾಲ್ಕು ದಿನವಾದರೂ ಬೀಗ ತೆಗೆದು, ಒಲೆ ಹೊತ್ತಿಸಿ, ಅಕ್ಕಪಕ್ಕದವರನ್ನು ಕರೆದು ಉಣಬಡಿಸಬೇಕು. ಈ ದೀಪಾವಳಿಯನ್ನು ಹುಟ್ಟೂರಿನ ಮನೆಯಲ್ಲೇ ಮಾಡೋಣವೆಂದು ಶ್ರೀಮತಿಯವರು ಅಂದು ರಾತ್ರಿ ಮರಳುವ ದೋಣಿಯಲ್ಲಿ ಹೇಳಿದರು. ಊರಿಗೆ ಬಂದೊಡನೆ ನಾವು ಮಕ್ಕಳಿಗೆಲ್ಲ ಕಾಗದ ಬರೆದೆವು.